ಊಟದ ಡಾಕ್ಟರಿಗೆ ಬೆಲ್ಲದ ಪ್ರಶ್ನೆ

ಬೆಲ್ಲದ ವ್ಯಾಪಾರಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಊರಲ್ಲಿ ಯಾರಿಗೂ ನಗು ತಡೆಯುವುದಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನಗೂ ಹಾಗೇ ಆಯಿತು. ಬೈಲಹೊಂಗಲದ ಪ್ಯಾಟಿಯಲ್ಲಿ ನಾನು ಬೆಲ್ಲ ಖರೀದಿ ಮಾಡುವವನು. ಲಿಲಾವಿಗೆ, ಅಂದರೆ ಹರಾಜಿಗೆ, ಬಂದ ಪ್ರತಿ ರೈತನ ಬೆಲ್ಲದ ಪೆಂಟಿಯಿಂದ ಒಂದು ಚಿಟಿಕೆ ಮುರಿದು ಬಾಯಿಗೆ ಹಾಕಿಕೊಂಡು ದರ ಕೂಗುವುದು ನನ್ನ ಕೆಲಸ. ಬಣ್ಣ ನೋಡಿ ಕೊಂಡವರು ಮೋಸ ಹೋಗಿದ್ದಾರೆ, ನನ್ನ ನಾಲಿಗೆ ಮೋಸ ಹೋದದ್ದಿಲ್ಲ. ಉಳಿದ ಖರೀದಿದಾರರು ಬೆಲ್ಲ ನೋಡುವುದಕ್ಕಿಂತ ನನ್ನ ಮುಖ ನೋಡುವುದೇ ಹೆಚ್ಚು.

ನಮ್ಮ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಶುಕ್ರವಾರ ಬೆಳಗಾವಿಯಿಂದ ಡಯಟಿಷಿಯನ್ ಬರ್ತಾರ. ಏನೇನ ಕೇಳೂದೈತಿ, ಮೊದಲ ಬರಕೊಂಡ ಬರ್ರಿ" ಎಂದರು. ನನಗೆ ಕೇಳುವುದಿದ್ದದ್ದು ಒಂದೇ. ಬೆಲ್ಲದ ರುಚಿ ನೋಡಬಹುದೋ, ಇಲ್ಲವೋ? ಇಲ್ಲ ಎಂದರೆ ಅಂಗಡಿಗೆ ಬೀಗ. ಬೇರೆ ಕಸುಬು ನನಗೆ ಬರುವುದಿಲ್ಲ. ಆದರೆ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗಲು ಯಾರು ಬಿಟ್ಟರು?

ಚೌಕಾಶಿ

ಬಾಜೂ ಅಂಗಡಿಯಲ್ಲಿ ಖಾರೀಕು, ಒಣದ್ರಾಕ್ಷಿ ಮಾರುವ ಚಾಚಾ ಸುದ್ದಿ ಕೇಳಿ ಗಲ್ಲಾ ಬಿಟ್ಟು ಎದ್ದು ಬಂದರು.

"ಸಾವಕಾರ್ರ, ಊಟದ ಡಾಕ್ಟರಂದ್ರ ಕಡಿಯೂದ ಅವರ ಧಂದೆ. ನೀವು ಹೊತ್ತಿಗೆ ಎಷ್ಟ ರೊಟ್ಟಿ ತಿಂತೀರಿ?"

"ನಾಕ."

"ನಾಕ ಅಂದ್ರ ಎರಡಕ್ಕ ಇಳಸ್ತಾರ. ಹತ್ತು ಅನ್ರಿ. ಅರ್ಧಾ ಕಡದ್ರೂ ಐದ ಉಳಿತಾವ. ಒಂದ ರೊಟ್ಟಿ ಲಾಭ!"

ಜೀವನವಿಡೀ ಚೌಕಾಶಿ ಮಾಡಿದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೂ ಒಂದು ಅನುಮಾನ ಉಳಿಯಿತು.

"ಚಾಚಾ, ಅವರು ಒಂದೂ ಕಡೀಲಿಲ್ಲ ಅಂದ್ರ?"

ಚಾಚಾ ಗಡ್ಡ ನೀವಿಕೊಂಡರು. "ಹಂಗಾದ್ರ ಹತ್ತೂ ತಿನ್ನಬೇಕ್ರಿ. ವ್ಯಾಪಾರಸ್ಥರು ಮಾತು ತಪ್ಪಬಾರದು."

ಅವ್ವನ ಪ್ರಶ್ನೆ

ಸವದತ್ತಿಗೆ ಕೊಟ್ಟ ನಮ್ಮಕ್ಕ ಹುಣ್ಣಿಮೆ ಹುಣ್ಣಿಮೆಗೆ ಪ್ರಸಾದವೆಂದು ಹೋಳಿಗೆ ಕಳಿಸುತ್ತಾಳೆ. ಅವ್ವನ ಚಿಂತೆಯೆಲ್ಲ ಅದರದ್ದೇ.

"ಪ್ರಸಾದದಾಗಿನ ಸಿಹಿ ಲೆಕ್ಕಕ್ಕ ಬರತೈತೇನು, ಕೇಳಪಾ."

"ಬರತೈತಿ, ಬಿಡ್ರಿ ಅಂದ್ರ ಏನ ಮಾಡಲಿ?"

"ಪ್ರಸಾದ ಬಿಡಬ್ಯಾಡ, ಡಾಕ್ಟರನ್ನ ಬಿಡು. ರಾಮದುರ್ಗದಾಗ ಬ್ಯಾರೆಯವ್ರು ಇದ್ದಾರು."

ತಾಲೀಮು

ಗುರುವಾರ ಸಂಜೆ ನಾನು ಉಣ್ಣದೆ ಕುಳಿತದ್ದು ನೋಡಿ ನನ್ನ ಹೆಂಡತಿಗೆ ಕರುಳು ಚುರುಕ್ಕೆಂದಿತು. "ಅಂಜಬ್ಯಾಡ್ರಿ. ನಾ ಡಾಕ್ಟರ್ ಆಗತೇನಿ, ನೀವು ಹೇಳಿ ರೂಢಿ ಮಾಡಕೋರಿ" ಎಂದು ಖುರ್ಚಿ ಎಳೆದು ಕೂತಳು. ನನ್ನನ್ನು ಕೆಳಗೆ ಚಾಪೆಯ ಮೇಲೆ ಕೂರಿಸಿದಳು.

"ಮುಂಜಾನೆ ಎದ್ದ ಕೂಡಲೇ ಏನ ತಿಂತೀರಿ?"

"ಏನೂ ಇಲ್ರಿ. ಬರೇ ಚಹಾ."

"ಮತ್ತ ಡಬ್ಬಿಯೊಳಗಿನ ಶೇಂಗಾ ಉಂಡಿ ಇಲಿ ತಿಂತಾವೇನು?"

"ಇದನ್ನ ಡಾಕ್ಟರ್ ಹೆಂಗ ಕೇಳ್ತಾರ?"

"ನಡುವ ಬಾಯಿ ಹಾಕಬ್ಯಾಡ್ರಿ. ಮನ್ಯಾಗ ಅಡಿಗಿ ಯಾರು ಮಾಡ್ತಾರ?"

"ಹೆಂಡತಿ."

"ಹೆಂಗ ಮಾಡ್ತಾಳ?"

ನಾನು ಒಂದು ಕ್ಷಣ ತಡೆದೆ. ಆ ಒಂದು ಕ್ಷಣಕ್ಕೆ ಡಾಕ್ಟರು ಖುರ್ಚಿಯಿಂದೆದ್ದು, ಬಾಗಿಲು ಬಡಿದು ಅಡಿಗೆಮನೆಗೆ ಹೋದರು. ಅವತ್ತಿನಿಂದಲೇ ನನ್ನ ಪಥ್ಯ ಶುರುವಾಯಿತು.

ಶುಕ್ರವಾರ

ಊಟದ ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. ನಾನು ಚೀಟಿ ತೆಗೆದು, ಗಂಟಲು ಸರಿಮಾಡಿಕೊಂಡು, "ಹೊತ್ತಿಗೆ ಹತ್ತು ರೊಟ್ಟಿ ತಿಂತೇನ್ರಿ" ಎಂದೆ.

ಆಕೆ ಪೆನ್ನು ನಿಲ್ಲಿಸಿ, ಜೊತೆಗೆ ಬಂದಿದ್ದ ನನ್ನ ಹೆಂಡತಿಯ ಕಡೆ ತಿರುಗಿದಳು. "ಖರೇನ್ರಿ, ಅಕ್ಕಾರ?"

"ಹತ್ತ ರೊಟ್ಟಿ ಬಡದಿದ್ರ ನನ್ನ ಕೈ ಉಳಿತಿದ್ದುವೇನ್ರಿ? ನಾಕ ತಿಂತಾರ."

"ಹಂಗಾರ ಎರಡ ತಿನ್ನಲಿ" ಎಂದು ಬರೆದುಕೊಂಡಳು.

ವ್ಯಾಪಾರ ಮುರಿಯಿತು. ಪ್ರಸಾದದ ಮಾತೆತ್ತುವ ಧೈರ್ಯವೇ ಆಗಲಿಲ್ಲ. ಉಳಿದದ್ದು ನನ್ನ ಪ್ರಶ್ನೆ. ಲಿಲಾವು, ಪೆಂಟಿ, ಚಿಟಿಕೆ, ದರ ಎಲ್ಲ ಒಂದೇ ಉಸಿರಿಗೆ ಹೇಳಿ, "ರುಚಿ ನೋಡೂದ ಬಿಟ್ರ ನಮ್ಮ ಮನಿ ನಡಿಯೂದಿಲ್ರಿ" ಎಂದೆ. ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹುಡುಗಿ ಪೆನ್ನು ಕೆಳಗಿಟ್ಟಳು.

"ನಾಲಿಗಿ ಮ್ಯಾಲ ಇಟ್ಟ ನೋಡ್ರಿ, ಕಾಕಾ. ನುಂಗಬ್ಯಾಡ್ರಿ. ಉಗುಳಿ, ನೀರಲೆ ಬಾಯಿ ಮುಕ್ಕಳಸ್ರಿ."

ಇಷ್ಟೇನಾ! ನನ್ನ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದವನೇ ಕಂಡ ಕಂಡವರಿಗೆಲ್ಲ ಚಹಾ ಕುಡಿಸಿದೆ. ನಾನು ಮಾತ್ರ ಸಕ್ಕರೆಯಿಲ್ಲದ್ದು ಕುಡಿದು, ಮುಖ ಕಿವುಚದೆ ನಕ್ಕೆ.

ಲಿಲಾವು

ಮರುದಿನ ಮೊದಲ ರಾಶಿ ನೇಸರಗಿಯ ರೈತನದು. ಚಿಟಿಕೆ ಮುರಿದು ನಾಲಿಗೆಯ ಮೇಲಿಟ್ಟೆ. ಅಂಥ ಬೆಲ್ಲ ಆ ಸೀಜನ್ನಿಗೇ ಬಂದಿರಲಿಲ್ಲ. ಆಮೇಲೆ ಡಾಕ್ಟರು ಹೇಳಿದಂತೆ ಪಕ್ಕಕ್ಕೆ ತಿರುಗಿ ಉಗುಳಿದೆ.

ನನ್ನ ಹಿಂದಿದ್ದ ಖರೀದಿದಾರ ಕೈಯಲ್ಲಿದ್ದ ಚೂರನ್ನು ಮೆಲ್ಲಗೆ ಮತ್ತೆ ಪೆಂಟಿಯ ಮೇಲಿಟ್ಟ. ಇನ್ನೊಬ್ಬ ಧೋತರಕ್ಕೆ ಕೈ ಒರೆಸಿಕೊಂಡ. ಲಿಲಾವು ನಡೆಸುವವನು ಕೂಗಿಯೇ ಕೂಗಿದ, ಯಾರೂ ತುಟಿ ಬಿಚ್ಚಲಿಲ್ಲ. ರೈತ ಓಡಿ ಬಂದು ನನ್ನ ಹೆಗಲ ಮೇಲಿನ ವಸ್ತ್ರ ಹಿಡಿದು ಜಗ್ಗಿದ.

"ಯಾಕ್ರೀ ಉಗುಳಿದ್ರಿ? ಏನ ಕಲಸೇನಿ ನಾ ಅದರಾಗ?"

"ತಮ್ಮಾ, ನಿನ್ನ ಬೆಲ್ಲ ಬಂಗಾರ ಐತಿ. ನನಗ ಸಕ್ಕರಿ ಬ್ಯಾನಿ."

"ಬಂಗಾರ ಯಾರರ ಉಗುಳ್ತಾರೇನ್ರಿ?"

"ಹೌದ್ಹೌದು, ನುಂಗಿ ತೋರಸ್ಲಿ!" ಎಂದಿತು ಗುಂಪು.

ಅವನ ವರ್ಷದ ಕಬ್ಬು ಅಲ್ಲಿ ಪೆಂಟಿಯಾಗಿ ಕೂತಿತ್ತು. ಏನು ಮಾಡಲಿ? ದೊಡ್ಡ ಚೂರು ಮುರಿದು, ಎಲ್ಲರಿಗೂ ಕಾಣುವಂತೆ ನುಂಗಿದೆ. ದರ ಒಮ್ಮೆಲೇ ಮೇಲೇರಿತು. ರೈತ ನನ್ನ ಎರಡೂ ಕೈ ಹಿಡಿದುಕೊಂಡ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ರಾಶಿಯ ರೈತ ಅಂಗೈ ತುಂಬ ಬೆಲ್ಲ ಹಿಡಿದು ಎದುರಿಗೆ ನಿಂತಿದ್ದ. "ಅವಂದು ನುಂಗೀರಿ. ನಮ್ಮದೇನ ಪಾಪ ಮಾಡೈತಿ?" ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಮೊದಲಾದರೆ ಚಿಟಿಕೆಯಲ್ಲಿ ಮುಗಿಯುತ್ತಿತ್ತು, ಈಗ ಯಾರೂ ಚಿಟಿಕೆಗೆ ಒಪ್ಪಲಿಲ್ಲ. ಕಟ್ಟಕಡೆಯವನು ಕಿತ್ತೂರಿನ ಮುದುಕ. ಅವನದ್ದನ್ನೂ ನುಂಗಿ ಕೈ ಮುಗಿದೆ. ಅವನಿಗೆ ನಂಬಿಕೆ ಬರಲಿಲ್ಲ.

"ಬಾಯಿ ತಗೀರಿ, ಸಾವಕಾರ್ರ."

ತೆಗೆದೆ. ಮುದುಕ ಚಾಳೀಸು ಏರಿಸಿಕೊಂಡು ಒಳಗೆ ಇಣುಕಿ ನೋಡಿದ.

"ದವಡಿ ಹಲ್ಲಿನ ಸಂದ್ಯಾಗ ಒಂದೀಟ ಉಳದೈತ್ರಿ. ಅದನ್ನೂ ನುಂಗ್ರಿ, ಆಮ್ಯಾಲ ದರ ಹೇಳೀರಂತ."