ಮಾವನವರ ಹೊಲಕ್ಕೊಂದು ಹೊಸ ಪ್ರೊಸೆಸರ್

ಕಂಪ್ಯೂಟರಿನ ಪ್ರೊಸೆಸರ್ ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ನನ್ನಂಥವನಿಗೆ ಹಲ್ಲುಜ್ಜುವಷ್ಟರಲ್ಲಿ ಮುಗಿಯುವ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಪವರ್ ಟಿಲ್ಲರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವನು ನಾನು. ಜೋಡಿಸಿದ ಮೇಲೆ ಒಂದಷ್ಟು ನಟ್ಟು ಬೋಲ್ಟು ಉಳಿದಿದ್ದವು, ನಿಜ. ಅದಕ್ಕೆ ಟಿಲ್ಲರ್ ಏನೂ ತಕರಾರು ಮಾಡಲಿಲ್ಲ.

ನಮ್ಮದು ಕೂಟಗಲ್ ಹತ್ತಿರದ ಊರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಗೂಡಿನ ರೇಟು ನೋಡಲು ಬೇಕು ಎಂದು ಹೆಂಡತಿ ಸಾವಿತ್ರಿಗೆ ಹೇಳಿ ನಾನು ಈ ಕಂಪ್ಯೂಟರ್ ತಂದದ್ದು. ರೇಟು ನೋಡುವ ಯಂತ್ರಕ್ಕೆ ಇಷ್ಟೊಂದು ಬಣ್ಣದ ದೀಪಗಳು ಯಾಕೆ ಎಂದು ಅವಳು ಕೇಳಿದಳು. ರೇಟು ಏರಿದರೆ ಹಸಿರು, ಇಳಿದರೆ ಕೆಂಪು ಎಂದೆ. ಸ್ವಲ್ಪ ದಿನ ನಂಬಿದಳು.

ಅದರಲ್ಲಿ ನಾನು ಆಡುತ್ತಿದ್ದದ್ದು ಬೇಸಾಯದ ಆಟ. ಟ್ರ್ಯಾಕ್ಟರಿನಲ್ಲಿ ಉಳುವುದು, ಬಿತ್ತುವುದು, ದೊಡ್ಡ ಯಂತ್ರ ಓಡಿಸಿ ಕಟಾವು ಮಾಡುವುದು. ವಿಷಯ ತಿಳಿದ ದಿನ ಸಾವಿತ್ರಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಅಲ್ಲಾ, ನಮ್ ತೋಟ್ದಾಗೆ ಕಳೆ ಸೊಂಟದುದ್ದ ಬೆಳ್ದೈತೆ. ಇಲ್ಲಿ ಕುಂತ್ಕಂಡು ಯಾರ್ ಹೊಲ ಉಳ್ತಾ ಇದ್ದೀರಿ?"

"ನಿಮ್ಮಪ್ಪಂದು."

ಇದು ಸುಳ್ಳಲ್ಲ. ಮಾಗಡಿಯಲ್ಲಿರುವ ನನ್ನ ಮಾವನವರು ಮಂಡಿ ಆಪರೇಷನ್ ಆದ ಮೇಲೆ ಹೊಲಕ್ಕೆ ಇಳಿಯುವಂತಿರಲಿಲ್ಲ. ಬೇಜಾರು ಕಳೆಯಲಿ ಎಂದು ಅವರ ಮನೆಯಲ್ಲೂ ಒಂದು ಕಂಪ್ಯೂಟರ್ ಹಾಕಿಸಿ ಆಟ ಕಲಿಸಿಕೊಟ್ಟೆ. ಮದುವೆಯಾದಾಗಿನಿಂದ ಅವರು ನನ್ನೊಡನೆ ಮಳೆ ಬೆಳೆ ಬಿಟ್ಟು ಬೇರೆ ಮಾತಾಡಿದವರಲ್ಲ. ಈಗ ಇಂಟರ್‌ನೆಟ್ಟಿನಲ್ಲಿ ಇಬ್ಬರೂ ಸೇರಿ ಒಂದೇ ಹೊಲ ಮಾಡುತ್ತಿದ್ದೆವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂಜೆಯೆಲ್ಲ ಮಾತು. ಒಮ್ಮೆ ಅವರು ನಕ್ಕದ್ದೂ ಕೇಳಿಸಿತು. ನನ್ನ ಟ್ರ್ಯಾಕ್ಟರು ಮಗುಚಿದ್ದಕ್ಕೆ ನಕ್ಕರು. ಆದರೂ ನಕ್ಕರಲ್ಲ!

ತೊಂದರೆ ಶುರುವಾದದ್ದು ಕಟಾವಿನ ಕಾಲಕ್ಕೆ. ಯಂತ್ರ ಓಡುತ್ತಿದ್ದ ಹಾಗೇ ನನ್ನ ಪರದೆ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಅಲುಗಾಡುವ ಹೊತ್ತಿಗೆ ನಾನು ಬದು ದಾಟಿ ಪಕ್ಕದವರ ಕೊಟ್ಟಿಗೆಯಲ್ಲಿರುತ್ತಿದ್ದೆ.

"ಅಳಿಯಂದ್ರೇ, ಬೇಲಿ ಮೇಲ್ ಹೋಯ್ತಾ ಇದ್ದೀರಿ!"

"ನಾನಲ್ಲ ಮಾವ, ಪ್ರೊಸೆಸರ್ರು."

"ಯಾರಾದ್ರೂ ಆಗ್ಲಿ. ಇತ್ಲಾಗ್ ತಿರುಗ್ಸಕ್ ಹೇಳಿ."

ಮೊದಮೊದಲು ಅವರದೂ ಹೀಗೇ ನಿಲ್ಲುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಬೆಣ್ಣೆಯ ಹಾಗೆ ಓಡತೊಡಗಿತು. ಏನು ಮಾಡಿದಿರಿ ಎಂದು ಕೇಳಿದೆ. "ಅಪ್‌ಗ್ರೇಡ್ ಆಯ್ತು ಕಣಪ್ಪ" ಎಂದರು. ಆ ದನಿಯಲ್ಲಿದ್ದ ಗತ್ತನ್ನು ನಾನು ಸಹಿಸಿಕೊಂಡೆ. ಅದರ ಮೇಲೆ, ಈ ಆಟ ಆಡುವವರೆಲ್ಲ ಸೇರಿ ಬರುವ ಭಾನುವಾರ ಜೋಡಿ ಕಟಾವಿನ ಪಂದ್ಯ ಇಟ್ಟರು. ಮಾವನವರು ನಮ್ಮಿಬ್ಬರ ಹೆಸರು ಕೊಟ್ಟು, ಮಾಗಡಿಯ ಟೀ ಅಂಗಡಿಯಲ್ಲಿ ಗೆದ್ದಂತೆಯೇ ಹೇಳಿಕೊಂಡು ಬಂದಿದ್ದರು. ಕುಟುಂಬದ ಮರ್ಯಾದೆ ನನ್ನ ಪ್ರೊಸೆಸರಿನ ಮೇಲೆ ನಿಂತಿತು.

ಬದಲಿಸಬೇಕೋ ಬೇಡವೋ? ಮೊಬೈಲಿನಲ್ಲಿ ವೀಡಿಯೊ ನೋಡಿದೆ. ಒಬ್ಬ ಬದಲಿಸಿ ಎಂದ. ಇನ್ನೊಬ್ಬ ಅದು ಬೇಡ, ಉಳಿದದ್ದೆಲ್ಲ ಬದಲಿಸಿ ಎಂದ. ಔಷಧಿ ಹೊಡೆಯುವ ಪಂಪು ಕೇಳಲು ಬಂದ ಪಕ್ಕದ ಮನೆಯ ಪುಟ್ಟಸ್ವಾಮಿಗೂ ವಿಷಯ ವಿವರಿಸಿದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಜೋರಾಗಿದೆ, ಲೆಕ್ಕ ಹಾಕುವ ಪ್ರೊಸೆಸರ್ ಸೋತಿದೆ ಎಂದೆ. ಅವನು ಗಂಭೀರವಾಗಿ ಕೇಳಿಸಿಕೊಂಡ.

"ಅಂದ್ರೆ ಒಂದೆತ್ತು ಮುಂದುಕ್ ಎಳೀತದೆ, ಇನ್ನೊಂದು ಹಿಂದೇ ಉಳ್ಕತದೆ ಅನ್ನು."

"ಹೂಂ ಕಣ್ಲಾ. ಏನ್ಮಾಡಾನ?"

"ಜೋರಾಗಿರೋದ್ನ ಮಾರ್ಬುಡು. ಆಗ ನಿಧಾನದ್ದೇ ಉಳೀತದೆ. ಜಗ್ಳವೇ ಇಲ್ಲ."

ಈ ಸಲಹೆಯನ್ನು ಬದಿಗಿಟ್ಟು ನಾನು ರಾಮನಗರದ ಕಂಪ್ಯೂಟರ್ ಅಂಗಡಿಗೆ ಹೋದೆ.

"ಪ್ರೊಸೆಸರ್ ಕೂರಿಸೋ ಮದರ್‌ಬೋರ್ಡ್ ಯಾವುದು ಸಾರ್?" ಎಂದು ಅಂಗಡಿಯವರು ಕೇಳಿದರು.

"ಕಪ್ಪಗಿದೆ."

ಅವರು ನನ್ನ ಮುಖವನ್ನೇ ನೋಡಿದರು. ವಿವರ ಸಾಲದೇನೋ ಎಂದುಕೊಂಡು, ಎರಡೂ ಅಂಗೈ ಅಗಲಿಸಿ ಅಳತೆ ತೋರಿಸಿದೆ. ಯಂತ್ರವನ್ನೇ ತಂದುಬಿಡಿ, ನೋಡಿ ಹೇಳುತ್ತೇನೆ ಎಂದರು. ಟಿಲ್ಲರನ್ನೇ ಬಿಚ್ಚಿ ಜೋಡಿಸಿದವನಿಗೆ ಇದೇನು ಮಹಾ ಎನಿಸಿತು. "ಪರವಾಗಿಲ್ಲ, ಇರೋದ್ರಲ್ಲಿ ಹೊಸ ಮಾದರಿದು ಕೊಡಿ" ಎಂದು ತೆಗೆದುಕೊಂಡು ಬಂದೆ.

ಬೆಳಕು ಚೆನ್ನಾಗಿರಲಿ ಎಂದು ಹುಳು ಸಾಕುವ ಮನೆಯ ಬಾಗಿಲಲ್ಲೇ ಮೇಜು ಹಾಕಿಕೊಂಡು ಕಂಪ್ಯೂಟರ್ ಬಿಚ್ಚಿದೆ. ಪ್ರೊಸೆಸರಿನ ಮೇಲೆ ಫ್ಯಾನು ಸಮೇತ ಒಂದು ಲೋಹದ ಗಡ್ಡೆ ಕೂತಿರುತ್ತದೆ. ಅದರ ಬಿಸಿ ಇಳಿಸುವುದು ಇದರ ಕೆಲಸ. ಎಳೆದೆ, ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಬಂತು! ಹಳೆಯ ಪ್ರೊಸೆಸರನ್ನೂ ಬೇರು ಸಮೇತ ಕಿತ್ತುಕೊಂಡು ಬಂತು. ಒಂದೇ ಏಟಿಗೆ ಎರಡು ಕೆಲಸವಾಯಿತು ಎಂದು ಹಿಗ್ಗಿದೆ. ಗಡ್ಡೆಗೆ ಅಂಟಿದ್ದ ಪ್ರೊಸೆಸರ್ ಯಾವಾಗ ಕಳಚಿ ಬಿತ್ತೋ ಗಮನಿಸಲಿಲ್ಲ. ಕೆಳಗೆ ಸೊಪ್ಪಿನ ಮಂಕರಿ ಇತ್ತು. ಸಾವಿತ್ರಿ ಬಂದು ಮಂಕರಿ ಎತ್ತಿಕೊಂಡು ಹೋಗಿ ಹುಳುಗಳಿಗೆ ಸೊಪ್ಪು ಹಾಕಿದಳು.

ಇತ್ತ ನಾನು ಹೊಸದನ್ನು ಕೂರಿಸಲು ಹೋದೆ. ಮದರ್‌ಬೋರ್ಡಿನಲ್ಲಿ ನೂರಾರು ಸಣ್ಣ ತೂತುಗಳಿದ್ದವು. ಅವುಗಳಿಗೆ ಇಳಿಯಬೇಕಾದ ಸೂಜಿಯಂಥ ಲೋಹದ ಕಾಲು ಹೊಸ ಪ್ರೊಸೆಸರಿಗೆ ಒಂದೂ ಇರಲಿಲ್ಲ. ತಿರುಗಿಸಿ ಇಟ್ಟೆ. ಆ ಕಡೆಯೂ ಇರಲಿಲ್ಲ. ಇವೆರಡೂ ಈ ಜನ್ಮದಲ್ಲಿ ಕೂಡುವುದಿಲ್ಲ ಎಂದು ನಿಧಾನವಾಗಿ ಹೊಳೆಯಿತು. ಹೋಗಲಿ, ಹಳೆಯದನ್ನೇ ಹಾಕೋಣ ಎಂದರೆ ಅದು ಎಲ್ಲಿದೆ?

ಗಂಡ ಹೆಂಡತಿ ಇಬ್ಬರೂ ಹುಳುಗಳ ನಡುವೆ ಬಗ್ಗಿ ಹುಡುಕಿದೆವು.

"ಹೆಂಗಿರ್ತದೆ ಅದು?" ಎಂದು ಸಾವಿತ್ರಿ ಕೇಳಿದಳು.

"ಸಣ್ಣಗೆ. ತಳದಲ್ಲಿ ಕಾಲುಗಳಿರ್ತವೆ."

"ಹುಳಕ್ಕೂ ಅವೆ."

ಕೊನೆಗೆ ಸಿಕ್ಕಿದ್ದು ಅವಳಿಗೇ. ಒಂದು ಹುಳು ಅದರ ಮೇಲೆ ತಲೆ ಎತ್ತಿಕೊಂಡು, ಸ್ವಂತ ಆಸ್ತಿಯ ಮೇಲೆ ಕೂತಂತೆ ಕೂತಿತ್ತು. ಎಬ್ಬಿಸಿ ನೋಡಿದರೆ ಪ್ರೊಸೆಸರಿನ ಕಾಲುಗಳೆಲ್ಲ ಒಂದೊಂದು ದಿಕ್ಕಿಗೆ ಬಾಗಿದ್ದವು. ಮುಳ್ಳು ತೆಗೆಯುವ ಚಿಮಟ ಹಿಡಿದು ಒಂದೊಂದಾಗಿ ನೆಟ್ಟಗೆ ಮಾಡಿದೆ. ಬಹಳಷ್ಟು ನೆಟ್ಟಗಾದವು. ಉಳಿದವು ಕೈಗೇ ಬಂದವು.

ಮಾವನವರು ಫೋನಿನ ಮೇಲೆ ಫೋನು ಮಾಡಿದರು. ನಾನು ಎತ್ತಲಿಲ್ಲ. ಏನೆಂದು ಹೇಳಲಿ? ನಮ್ಮ ಮಾತುಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮಾರನೆಯ ದಿನ ಅವರೇ ಕೋಲು ಊರಿಕೊಂಡು ಬಸ್ಸಿಳಿದು ಬಂದರು.

"ಫೋನ್ ಎತ್ತುದ್ರೆ ಏನಪ್ಪಾ? ನನ್ ಮಗ್ಳಿಗೆ ಏನಾರಾ ಆಯ್ತೇನೋ ಅಂದ್ಕಂಡೆ."

"ನಂಗೇನಾಯ್ತದೆ?" ಎಂದು ಸಾವಿತ್ರಿ ಮೇಜಿನ ಕಡೆ ಕೈ ತೋರಿಸಿದಳು. "ಅದುಕ್ಕಾಗಿರಾದು."

ಅವರು ಮೇಜಿನ ಮೇಲೆ ಹರಡಿದ್ದನ್ನೆಲ್ಲ ಒಂದು ಸುತ್ತು ನೋಡಿ, ಆ ಲೋಹದ ಗಡ್ಡೆಯನ್ನು ಎತ್ತಿಕೊಂಡು ಮೇಜಿಗೆ ತಟ್ಟಿದರು. ಬೆಳ್ಳಗೆ ಒಂದು ಹೆಂಟೆ ಉದುರಿತು.

"ಇದೇನ್ ಅಳಿಯಂದ್ರೇ, ಸುಣ್ಣ?"

ಸುಣ್ಣವೇ! ಹುಳುಗಳು ಪೊರೆ ಬಿಡುವಾಗ ರೋಗ ಬಾರದಿರಲೆಂದು ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಪಕ್ಕದ ಕೋಣೆಯಲ್ಲಿದ್ದ ನನ್ನ ಕಂಪ್ಯೂಟರು ಆ ಪುಡಿಯನ್ನೆಲ್ಲ ಉಸಿರಾಡಿ, ಗಾಳಿಯಾಡುವ ಸಂದುಗಳನ್ನು ಗೋಡೆಯ ಹಾಗೆ ಮುಚ್ಚಿಕೊಂಡಿತ್ತು. ಪ್ರೊಸೆಸರ್ ಸೋತಿರಲಿಲ್ಲ. ಬಿಸಿಗೆ ಬೇಯುತ್ತಿತ್ತು, ಅದಕ್ಕೇ ನಿಲ್ಲುತ್ತಿತ್ತು.

"ನಂದ್ರಾಗೂ ಹಿಂಗೇ ಧೂಳ್ ಕಟ್ಕಂಡಿತ್ತು" ಎಂದರು ಮಾವನವರು. "ನಿಮ್ಮತ್ತೆ ಬ್ರಷ್ಷಲ್ಲಿ ಉಜ್ಜುದ್ಲು. ಆಮ್ಯಾಕೆ ನಿಂತೇ ಇಲ್ಲ."

"ಅಪ್‌ಗ್ರೇಡ್ ಅಂದ್ರಲ್ಲಾ ಮಾವ?"

"ಮುಂಚೆಗಿಂತ ಚೆನ್ನಾಗಾಯ್ತಲ್ಲ. ಅದುಕ್ ಇನ್ನೇನಂತಾರೆ?"



ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆ ಈಗ ಉಳಿದಿರಲಿಲ್ಲ. ಹಳೆಯದಕ್ಕೆ ಕಾಲಿಲ್ಲ, ಹೊಸದಕ್ಕೆ ಜಾಗವಿಲ್ಲ. ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಒಳಗೆ ಇಣುಕಿ, "ಮದರ್‌ಬೋರ್ಡ್ ಕಪ್ಪಗೇ ಇದೆ ಸಾರ್" ಎಂದರು. ಬೇರೇನೂ ಅನ್ನದೆ, ಹೊಂದುವಂಥ ಪ್ರೊಸೆಸರ್ ಹಾಕಿ, ಸುಣ್ಣ ತೆಗೆದು, ಓಡಿಸಿ ತೋರಿಸಿ ಕೊಟ್ಟರು.

ಭಾನುವಾರ ಬಂತು. ಮಾಗಡಿಯಿಂದ ಮಾವನವರು, ಕೂಟಗಲ್ ಕಡೆಯಿಂದ ನಾನು. ಸಾವಿತ್ರಿ ನನ್ನ ಹಿಂದೆ ನಿಂತು ನೋಡುತ್ತಿದ್ದಳು. ಪರದೆ ಎಲ್ಲೂ ತಡವರಿಸಲಿಲ್ಲ. ಒಂದೊಂದು ತೆನೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಹೊಲದ ಕೊನೆ ಕಂಡಿತು. ಅದರಾಚೆಯ ಕೆರೆ ಕಂಡಿತು. ಕೆರೆ ಹತ್ತಿರವಾದದ್ದು ಕಂಡಿತು. ನನ್ನ ಯಂತ್ರ ನೀರಿಗಿಳಿದದ್ದು, ಗುಳ್ಳೆಗಳು ಎದ್ದದ್ದು, ಎಲ್ಲವೂ ಒಂದು ಕ್ಷಣವೂ ನಿಲ್ಲದೆ, ಅತ್ಯಂತ ಸ್ಪಷ್ಟವಾಗಿ ಕಂಡಿತು.

ಹೆಡ್‌ಫೋನಿನಲ್ಲಿ ಮಾವನವರ ದನಿ ಬಂತು.

"ಅಳಿಯಂದ್ರೇ, ಪರ್ದೆ ನಿಂತೋಗಿತ್ತಾ?"

"ಇಲ್ಲ ಮಾವ."

"ಬಿಸಿಗಿಸಿ ಆಗಿತ್ತಾ?"

"ಇಲ್ಲ."

"ಅಂದ್ಮೇಲೆ ಮಿಷನ್ ಸರಿಯಾಗೈತೆ. ಡ್ರೈವರ್ ಬದ್ಲಾಯಿಸ್ಬೇಕು. ಒಸಿ ಸಾವಿತ್ರಿ ಕೈಗ್ ಕೊಡಿ."

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವಳು ಸೀರೆ ಸೆರಗು ಸಿಕ್ಕಿಸಿಕೊಂಡು ಕೂತು, ಯಂತ್ರವನ್ನು ಕೆರೆಯಿಂದ ಹಿಂದಕ್ಕೆಳೆದು, ಉಳಿದ ಹೊಲವನ್ನು ಗೆರೆ ಎಳೆದಂತೆ ಕಟಾವು ಮಾಡಿದಳು. ಅಪ್ಪ ಮಗಳು ನಗುವುದು ನನಗೆ ಅಂಗಳದವರೆಗೂ ಕೇಳಿಸಿತು.

ಇಷ್ಟೆಲ್ಲ ಪಾಡು ಪಟ್ಟದ್ದರಲ್ಲಿ, ಮೊದಲ ಸಲಕ್ಕೇ ಸರಿಯಾಗಿ ಕೂತ ಅಪ್‌ಗ್ರೇಡು ಆ ಹೊಸ ಡ್ರೈವರ್ ಒಂದೇ.