ಇಂಜಿನ್ ಸೆಟ್ ಆಗೋತನಕ

ನಮ್ಮ ಕಡೆ ಮನೆ ಮುಂದೆ ಹೊಸ ಗಾಡಿ ಬಂದು ನಿಂತರೆ ಸಾಕು, ನಗೆಪಾಟಲಿನ ಪ್ರಸಂಗಗಳು ವಿಳಾಸ ಹುಡುಕಿಕೊಂಡು ಬರುತ್ತವೆ. ಯಾರೂ ಕರೆಯಬೇಕಾಗಿಲ್ಲ. ನನ್ನ ಕಾರು ಬಂದ ಮೇಲಂತೂ ಅವು ಸರದಿಯಲ್ಲಿ ನಿಂತವು.

ನಾನು ಅಫಜಲಪುರದಲ್ಲಿ ಸರ್ವೇ ಕೆಲಸದವನು. ಮೂವತ್ತು ವರ್ಷ ಸರಪಳಿ ಹಿಡಿದು ಮಂದಿಯ ಹೊಲ ಅಳೆದಿದ್ದೇನೆ. ನನಗೆ ಗೊತ್ತಿರುವುದು ಕಾಲಿನ ವೇಗ. ಕಾರು ಕೊಳ್ಳುವ ಹುಮ್ಮಸ್ಸಿನಲ್ಲಿ ಐವತ್ತಮೂರನೇ ವಯಸ್ಸಿಗೆ ಲೈಸೆನ್ಸ್ ಮಾಡಿಸಿದೆ. ಆದರೆ ಮೀಟರಿನ ಮುಳ್ಳು ನಲವತ್ತು ದಾಟಿತೆಂದರೆ ತೊಡೆಗಳು ಗಡಗಡ ನಡುಗುತ್ತವೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅವಳ ತಮ್ಮನಿಗೆ ಗೊತ್ತಾದರಂತೂ ಮುಗಿಯಿತು, ಜಿಲ್ಲೆಗೆಲ್ಲ ಡಂಗುರ.

ಎಂಬತ್ತು ಹೋಗಿ ನಲವತ್ತಾದದ್ದು

ಕಲಬುರಗಿಯ ಶೋರೂಮಿನಲ್ಲಿ ಕೀಲಿ ಕೊಡುವಾಗ ಅಲ್ಲಿನ ಸೇಲ್ಸ್‌ನವನು ಹೇಳಿದ: "ಸರ್, ಹೊಸಾ ಇಂಜಿನ್ ಅದ. ಮೊದಲನೇ ಸಾವಿರ ಕಿಲೋಮೀಟರ್ ಎಂಬತ್ತರ ಮ್ಯಾಲ ಹೋಗಬ್ಯಾಡ್ರಿ. ಒಮ್ಮಿಗೇ ರೇಸ್ ಮಾಡಬ್ಯಾಡ್ರಿ. ಭಾಳ ಲೋಡ್ ಹಾಕಬ್ಯಾಡ್ರಿ. ಒಂದೇ ಸ್ಪೀಡಿನ್ಯಾಗೂ ಇಡಬ್ಯಾಡ್ರಿ, ಸ್ವಲ್ಪ ಹೆಚ್ಚು ಕಡಿಮಿ ಮಾಡ್ಕೋತ ಇರ್ರಿ. ಒಳಗಿನ ಸಾಮಾನು ಒಂದಕ್ಕೊಂದು ಹೊಂದ್ಕೋಬೇಕು."

ಅವನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು. ನಿಧಾನ ಹೋಗುವುದಕ್ಕೆ ಇಷ್ಟು ಗೌರವದ ಕಾರಣ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮನೆಗೆ ಬಂದವನೇ ಎಲ್ಲರನ್ನೂ ಕೂರಿಸಿಕೊಂಡು ನಿಯಮಗಳನ್ನು ಹೇಳಿದೆ. ಹೇಳುವಾಗ ಎಂಬತ್ತು ಅನ್ನುವುದನ್ನು ನಲವತ್ತಕ್ಕೆ ಇಳಿಸಿದೆ.

"ನಲವತ್ತಾ?" ಅಂದಳು ಹೆಂಡತಿ. "ನನ್ನ ತಮ್ಮನ ಲೂನಾನೂ ಅದಕ್ಕಿಂತ ಜೋರ್ ಓಡ್ತಿತ್ತಲ್ಲರಿ."

"ಅದಕ್ಕೇ ಅದು ಗುಜರಿಗಿ ಹೋತು" ಅಂದೆ.

ಕಬ್ಬಿನ ಟ್ರ್ಯಾಕ್ಟರು

ಆ ತಮ್ಮ ಕರಜಗಿಯಲ್ಲಿ ಕಬ್ಬು ಬೆಳೆಯುತ್ತಾನೆ, ಸ್ವಂತ ಟ್ರ್ಯಾಕ್ಟರು ಇದೆ. ಟ್ರ್ಯಾಕ್ಟರು ಇದ್ದವರಿಗೆ ಇಂಜಿನ್ನಿನ ಬಗ್ಗೆ ತಿಳಿಯದ್ದು ಏನೂ ಇರುವುದಿಲ್ಲ. ಕಾರು ನೋಡಲು ಬಂದವನು ಬಾನೆಟ್ ಮೇಲೆ ಗುದ್ದಿ ಹೇಳಿದ: "ಮಾಮಾ, ಹೊಸಾ ಇಂಜಿನ್ನಿಗಿ ಹಿಂಗ ಮುದ್ದು, ಲಾಡ ಮಾಡಬಾರದು. ನಾ ಮೊದಲನೇ ದಿನಾನೇ ಎರಡು ಟ್ರಾಲಿ ಕಬ್ಬು ಹಚ್ಚಿದ್ದೆ. ಕೀಲಿ ಕೊಡು, ಒಂದು ತಾಸಿನ್ಯಾಗ ಸೆಟ್ ಮಾಡಿ ತರ್ತೇನಿ."

"ಲೇ ತಮ್ಮಾ, ಇದು ಕಬ್ಬಿನ ಗಾಡಿ ಅಲ್ಲ. ಇದಕ್ಕ ಕಾಯ್ದೆ ಅದ" ಅಂದು ಕೀಲಿಯನ್ನು ಅಂಗಿಯ ಒಳಜೇಬಿಗೆ ಇಳಿಸಿದೆ.

ಮುಂದಿನ ವಾರ ನಾನೂ ಹೆಂಡತಿಯೂ ಕರಜಗಿ ರಸ್ತೆಯಲ್ಲಿ ಹೊರಟಿದ್ದೆವು. ಸ್ಪೀಡು ಹೆಚ್ಚು ಕಡಿಮೆ ಮಾಡಬೇಕಲ್ಲ, ಆಗ ಕಡಿಮೆಯ ಸರದಿ ನಡೆದಿತ್ತು, ಇಪ್ಪತ್ತರ ಆಸುಪಾಸು. ಹಿಂದಿನಿಂದ ಕಿವಿ ಕಿತ್ತುಹೋಗುವಂಥ ಹಾಡು ಕೇಳಿಸಿತು. ಕನ್ನಡಿಯ ತುಂಬ ಕಬ್ಬೇ ಕಬ್ಬು. ಎರಡು ಟ್ರಾಲಿ ಎಳೆದುಕೊಂಡು ಭಾವಮೈದುನ ನಮ್ಮನ್ನು ಹಿಂದೆ ಹಾಕಿದ. ಹೋಗುತ್ತಾ ಅಕ್ಕನ ಕಡೆ ಒಂದು ಕಬ್ಬಿನ ಜಲ್ಲೆ ಚಾಚಿದ. ನನ್ನ ಹಿಂದಿನ ಸೀಟಿನಲ್ಲಿದ್ದ ಅವಳು ಕಿಟಕಿಯಿಂದ ಕೈ ಹಾಕಿ ಆರಾಮಾಗಿ ತೆಗೆದುಕೊಂಡಳು.

ಒಂದು ಗೆಣ್ಣು ತಿಂದು ಮುಗಿಸಿದ ಮೇಲೆ ಹೇಳಿದಳು, "ಅವನ ಇಂಜಿನ್ ಖರೇನೇ ಸೆಟ್ ಆಗ್ಯದ ನೋಡ್ರಿ."

ಅಂದೋಲಾ ದಾರಿಯ ಅರ್ಜಿ

ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿ ನಮ್ಮ ಬೀಗರ ಹೊಸ ಮನೆಯ ವಾಸ್ತುಶಾಂತಿ ಇತ್ತು. ಕಾರಿನ ಮುಂದೆ ಪೂಜೆಯ ಚೆಂಡು ಹೂವಿನ ಹಾರ. ರಸ್ತೆ ಸಣ್ಣದು, ಹಿಂದಿನವರಿಗೆ ದಾಟಲು ಆಗಲಿಲ್ಲ. ಎರಡು ಜೀಪು, ಒಂದು ಟಂಟಂ ಆಟೋ, ಐದಾರು ಬೈಕು, ಎಲ್ಲ ನನ್ನ ಹಿಂದೆ ಸಾಲಾಗಿ ಬಂದವು. ಹಾರನ್ ಹೊಡೆದು ಹೊಡೆದು ಸುಸ್ತಾಗಿ ಸುಮ್ಮನಾಗಿದ್ದರು.

ಒಂದು ಊರು ಬಂತು. ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಎದ್ದು ನಿಂತು ಕೈ ಮುಗಿದರು. ನಾನೂ ಒಂದು ಕೈ ಎತ್ತಿದೆ. ಅದೇ ತಪ್ಪಾಯಿತು. ರುಮಾಲು ಸುತ್ತಿದ ಒಬ್ಬ ಹಿರಿಯರು ಕಿಟಕಿ ಪಕ್ಕಕ್ಕೆ ಬಂದು ಕಾಗದ ಚಾಚಿದರು.

"ಸಾಹೇಬ್ರ, ನಮ್ಮ ಓಣ್ಯಾಗ ಗಟಾರ ತುಂಬಿ ಮನಿಯೊಳಗ ಬರಾಕತ್ತದ. ಸ್ವಲ್ಪ ನೋಡ್ರಿ."

"ಯಜಮಾನ್ರ, ನಾ ಲೀಡರ್ ಅಲ್ಲರಿ."

"ಆರಿಸಿ ಬಂದ ಮ್ಯಾಲ ಎಲ್ಲಾರೂ ಹಿಂಗೇ ಅಂತಾರ್ರಿ."

ಅವರು ಗಟಾರದ ಇಡೀ ಕಥೆಯನ್ನು ಹೇಳಿ ಮುಗಿಸಿದರು. ಅಲ್ಲಿಯವರೆಗೆ ನಾನು ಕಾರು ನಿಲ್ಲಿಸಿರಲಿಲ್ಲ, ಅವರೂ ಓಡಿರಲಿಲ್ಲ. ಪಕ್ಕದಲ್ಲಿ ಸುಮ್ಮನೆ ನಡೆದು ಬರುತ್ತಿದ್ದರು. ಕೊನೆಗೆ ಹೇಳಿದರು, "ಉಳಿದವ್ರು ಗ್ಲಾಸ್ ಏರಿಸಿ ಜರ್ ಅಂತ ಹೋಗ್ತಾರ. ನಮ್ಮ ಜೋಡಿ ನಡಕೋತ ಬಂದವ್ರು ನೀವೊಬ್ರೇ ನೋಡ್ರಿ."

ಆ ಅರ್ಜಿಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಮರುದಿನ ಪಂಚಾಯತಿಗೆ ನಾನೇ ಅಂಚೆಯಲ್ಲಿ ಕಳಿಸಿದೆ.

ಬಾಣಂತಿ ಗಾಡಿ

ಆಳಂದದ ಕಡೆ ಮಟಕಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ಕಾರಿನ ನಿಯಮಗಳನ್ನು ಇಡೀ ಬಳಗದಲ್ಲಿ ಒಪ್ಪಿಕೊಂಡವಳು ಅವಳೊಬ್ಬಳೇ. ಜೋರು ಓಡಿಸಬಾರದು, ಭಾರ ಹೊರಿಸಬಾರದು ಅಂತ ನಾನು ಹೇಳುತ್ತಿದ್ದಂತೆ ತಲೆ ಆಡಿಸಿದಳು. "ಅಂದ್ರ ಬಾಣಂತಿ ಇದ್ದಂಗ ಅನ್ನು."

ಒಳಗೆ ಹೋಗಿ ಕೌದಿ ತಂದು ಬಾನೆಟ್ಟಿಗೆ ಹೊದಿಸಿದಳು. ಲೋಬಾನದ ಹೊಗೆ ಹಾಕಿದಳು. ನೋಡಲು ಬಂದ ನೆರೆಯವರಿಗೆ, "ಸವಾ ತಿಂಗಳು ಬಾಣಂತನ, ಯಾರೂ ಮುಟ್ಟಬ್ಯಾಡ್ರಿ" ಅಂತ ಗದರಿದಳು. 'ಒಂದು ರೌಂಡು ಹೊಡೆಸು' ಅನ್ನುವವರ ಕಾಟ ಒಂದೇ ಮಾತಿಗೆ ನಿಂತಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಸಂಜೆ ಹೊರಡಲು ಕೀಲಿ ತೆಗೆದರೆ ಬಾಗಿಲಿಗೆ ಅಡ್ಡ ನಿಂತಳು. "ತಮ್ಮಾ, ಥಂಡಿ ಗಾಳಿ ಬಿಟ್ಟದ. ಬಾಣಂತೀನ ಈ ಹೊತ್ತಿನ್ಯಾಗ ಹೊರಗ ಒಯ್ತಾರೇನು?"

ನನ್ನದೇ ಮಾತು ನನ್ನ ಕೊರಳಿಗೆ ಬಿದ್ದಿತ್ತು. ನಾನೂ ಹೆಂಡತಿಯೂ ಕಾರು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಬಸ್ಸು ಎಂಬತ್ತರಲ್ಲಿ ಹಾರುತ್ತಿತ್ತು, ನಾನು ನಿಶ್ಚಿಂತೆಯಿಂದ ಗೊರಕೆ ಹೊಡೆದೆ.

ಮೊದಲ ಸರ್ವಿಸು

ಮರುದಿನ ಬಿಸಿಲೇರಿದ ಮೇಲೆ ಮಟಕಿಗೆ ಹೋಗಿ ಕಾರು ತಂದೆ. ಹೀಗೆ ಮೀಟರು ಒಂಬೈನೂರು ದಾಟಿತು. ನನ್ನ ನಿದ್ದೆ ಹಾರಿತು. ಸಾವಿರ ಮುಗಿದರೆ ನನಗೆ ಮರೆ ಅನ್ನುವುದೇ ಇಲ್ಲ. ಭಾವಮೈದುನ ಬೇರೆ ಫೋನು ಮಾಡಿ ಮಾಡಿ, "ಮಾಮಾ, ಸರ್ವಿಸ್ ಆದ ದಿನಾನೇ ನೂರರ ಮ್ಯಾಲ ಒಯ್ಯೂಣು. ನಾ ಬಾಜೂಕ ಕುಂದ್ರತೇನಿ" ಅನ್ನುತ್ತಿದ್ದ.

ಸರ್ವಿಸಿಗೆ ಮೂವರೂ ಕಲಬುರಗಿಗೆ ಹೊರಟೆವು. ಅವನು ಮುಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಚುಚ್ಚಿದ. ಮರ್ಯಾದೆಯ ಪ್ರಶ್ನೆ ಅಂತ ಒಮ್ಮೆ ಹಲ್ಲು ಕಚ್ಚಿ ಅರವತ್ತಕ್ಕೆ ಒತ್ತಿದೆ. ಎದುರಿಗೆ ಲಾರಿ ಬಂತು. ಲಾರಿಯವನು ಪುಣ್ಯಾತ್ಮ, ತಾನೇ ರಸ್ತೆ ಬಿಟ್ಟು ಇಳಿದ. ಅಲ್ಲಿಂದಾಚೆ ಭಾವಮೈದುನ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದ.

ಸರ್ವಿಸ್ ಸೆಂಟರಿನ ಬೆಂಚಿನ ಮೇಲೆ ಕಾಯುತ್ತಾ ಕುಳಿತೆವು. ಹೆಂಡತಿ ನೀರು ಕುಡಿದು ಬರುತ್ತೇನೆಂದು ಎದ್ದು ಹೋಗಿ ಬಂದಳು. ಅವನು ಚಹಾ ಕುಡಿದು ಬರುತ್ತೇನೆಂದು ಹೋಗಿ ಬಂದ. ನಾನು ಬಿಲ್ಲು ವಿಚಾರಿಸುತ್ತೇನೆಂದು ಎದ್ದು, ನೇರ ಮೆಕ್ಯಾನಿಕ್ ಹತ್ತಿರ ಹೋದೆ.

"ಫಸ್ಟ್ ಕ್ಲಾಸ್ ಅದರಿ ಗಾಡಿ. ಇಂಜಿನ್ ಸೆಟ್ ಆಗ್ಯದ. ಇನ್ನ ಹೆಂಗ ಬೇಕೋ ಹಂಗ ಓಡಸ್ರಿ" ಅಂದ.

ಆಚೀಚೆ ನೋಡಿ ಮೆಲ್ಲಗೆ ಹೇಳಿದೆ, "ತಮ್ಮಾ, ಒಂದು ಉಪಕಾರ ಮಾಡು. ಹೊರಗ ಬೆಂಚಿನ ಮ್ಯಾಲ ಕುಂತವ್ರ ಮುಂದ ಹಂಗ ಅನಬ್ಯಾಡ. ಇನ್ನೂ ಒಂದು ಸಾವಿರ ಹಗೂರಕ ಓಡಸಬೇಕು ಅಂತ ಹೇಳು."

ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದ.

"ಆಗಲೇ ಅಕ್ಕಾರು ಬಂದು ಹೇಳಿ ಹೋದ್ರಲ್ಲರಿ. ಸಾಹೇಬ್ರಿಗಿ ನಲವತ್ತರ ಮ್ಯಾಲ ತೊಡಿ ನಡಗ್ತಾವ, ಎರಡು ಸಾವಿರ ಅಂತ ಹೇಳು ಅಂದ್ರು."

ನಾಚಿಕೆಯೂ ಆಯಿತು, ಹೇಳಲಾರದಷ್ಟು ಮನಸ್ಸು ಹಗುರವೂ ಆಯಿತು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು!

"ಆಮ್ಯಾಲ ಅವರ ತಮ್ಮ ಬಂದ್ರು" ಅಂದ ಮೆಕ್ಯಾನಿಕ್. "ಕೈ ಮುಗದು, ಮಾಮಾಗ ಐದು ಸಾವಿರ ಹೇಳಪ್ಪಾ, ನನಗ ಸಣ್ಣ ಸಣ್ಣ ಮಕ್ಕಳಾವ ಅಂದ್ರು. ಈಗ ಯಾರ ಮಾತು ಕೇಳ್ಲಿ? ಮೂರೂ ಕೂಡಿಸಿ ಎಂಟು ಸಾವಿರ ಅಂತ ಬರದು ಕೊಡ್ಲೇನ್ರಿ?"

"ಬರಿಯಪ್ಪಾ" ಅಂದೆ. "ಸೀಲೂ ಹೊಡಿ."