ಜಬಲ್ ಅಖ್ದರಿನಲ್ಲಿ ನಾನು ಹಾಕಿದ ಬೆಂಕಿ

ಬೆಂಕಿ ಹಾಕುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಮಸ್ಕತ್ತಿನಲ್ಲಿ ಇಲ್ಲವೆಂದು ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಮದುವೆಗೆ ಮೊದಲು ಮೂಡುಬಿದಿರೆಯ ನಮ್ಮ ಮನೆಯಲ್ಲಿ ಬಚ್ಚಲಿನ ಹಂಡೆಗೆ ದಿನಾ ಬೆಂಕಿ ಹಾಕುತ್ತಿದ್ದವಳು ನಾನೇ. ಕೆಳಗೆ ತೆಂಗಿನ ಒಣ ಮಡಲು, ಅದರ ಮೇಲೆ ತೆಂಗಿನ ಸಿಪ್ಪೆ, ಅದರ ಮೇಲೆ ಗೆರಟೆ, ಅಂದರೆ ತೆಂಗಿನ ಚಿಪ್ಪು. ಒಂದೇ ಬೆಂಕಿಕಡ್ಡಿ! ಕಾನ್ವೆಂಟಿನ ಬಿಳಿ ಯೂನಿಫಾರ್ಮಿಗೆ ಒಂದು ಚುಕ್ಕೆ ಮಸಿ ತಾಗದ ಹಾಗೆ ಹಂಡೆ ಕುದಿಸಿ ಶಾಲೆಗೆ ಹೋಗುತ್ತಿದ್ದೆ. ಆಮೇಲೆ ಒಮಾನಿಗೆ ಬಂದೆ. ಇಲ್ಲಿ ಹದಿನಾಲ್ಕು ವರ್ಷಗಳಿಂದ ನಲ್ಲಿ ತಿರುಗಿಸಿದರೆ ಬಿಸಿನೀರು. ಬೇಸಿಗೆಯಲ್ಲಂತೂ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ. ನನ್ನ ವಿದ್ಯೆಗೆ ತುಕ್ಕು ಹಿಡಿಯುತ್ತಾ ಇತ್ತು.

ಹೀಗಿರುವಾಗ ಡಿಸೆಂಬರಿನಲ್ಲಿ ಅತ್ತೆ ಊರಿನಿಂದ ಮೊದಲ ಸಲ ನಮ್ಮಲ್ಲಿಗೆ ಬಂದರು. ಇವರು, ಅಂದರೆ ನನ್ನ ಗಂಡ, ಜಬಲ್ ಅಖ್ದರ್ ಬೆಟ್ಟದ ಮೇಲೆ ಎರಡು ದಿನಕ್ಕೆ ಒಂದು ಮನೆ ಗೊತ್ತುಮಾಡಿದರು. ಮಗಳು ಅನನ್ಯಾ "ಫೈನಲೀ, ಸ್ವೆಟರ್!" ಎಂದು ಕುಣಿದಳು. ಅತ್ತೆ ಮಾತ್ರ ಮೊಣಕಾಲು ಹಿಡಿದುಕೊಂಡು ಕೂತರು.

"ಚಳಿಗೆ ನನ್ನ ಗಂಟು ಹಿಡೀತದೆ ಮಗಾ. ಒಮ್ಮೆ ಹಿಡಿದರೆ ಎಂಟು ದಿನ ಏಳ್ಲಿಕ್ಕಾಗುವುದಿಲ್ಲ. ನೀವು ಹೋಗಿ ಬನ್ನಿ, ನಾನಿಲ್ಲಿ ಟೀವಿ ನೋಡ್ತೇನೆ."

"ಅಲ್ಲಿ ಸೌದೆ ಒಲೆ ಉಂಟಂತೆ ಅತ್ತೆ. ಇಡೀ ಮನೆಯನ್ನು ಒಂದೇ ಸಮ ಬೆಚ್ಚಗೆ ಇಡುವ ಜವಾಬ್ದಾರಿ ನನ್ನದು. ನಿಮ್ಮ ಕೋಣೆಗೆ ಚಳಿ ಕಾಲಿಟ್ಟರೆ ನನ್ನನ್ನು ಕೇಳಿ!"

"ಚಳಿಯಾದರೆ ಅದೇ ಸಂಜೆ ಕೆಳಗೆ ಕರ್ಕೊಂಡು ಬರ್ತೀಯಾ?"

"ಬರ್ತೇನೆ" ಎಂದು ಮಾತು ಕೊಟ್ಟೆ. ಇವರು ಅಲ್ಲೇ ತಿದ್ದುಪಡಿ ಸೂಚಿಸಿದರು: "ಕತ್ತಲಾದ ಮೇಲೆ ಆ ಘಾಟಿಯಲ್ಲಿ ನಾನು ಗಾಡಿ ಇಳಿಸುವುದಿಲ್ಲ. ಇಳಿಯುವುದಿದ್ದರೆ ಸೂರ್ಯ ಮುಳುಗುವ ಮೊದಲು. ಈಗಲೇ ಹೇಳಿದ್ದೇನೆ."

ಹೊರಡುವ ದಿನ ನಾನು ಬಾಲ್ಕನಿಯಿಂದ ಒಂದು ಅಕ್ಕಿ ಚೀಲ ಎಳೆದು ತಂದೆ.

"ಇದೆಂತ ಮಾರಾಯ್ತಿ?"

"ಗೆರಟೆ. ಬಿಸಾಡ್ಲಿಕ್ಕೆ ಮನಸ್ಸಾಗದೆ ಕೂಡಿಸಿ ಇಟ್ಟದ್ದು."

"ಜನ ಬೆಟ್ಟಕ್ಕೆ ಕ್ಯಾಮೆರಾ ತಕ್ಕೊಂಡು ಹೋಗ್ತಾರೆ" ಎಂದು ಗೊಣಗುತ್ತಾ ಇವರು ಚೀಲವನ್ನು ಡಿಕ್ಕಿಗೆ ಹಾಕಿದರು. ಬೆಟ್ಟದ ಬುಡದಲ್ಲಿ ಪೊಲೀಸರು ಗಾಡಿ ಫೋರ್ ವೀಲ್ ಹೌದೋ ಅಲ್ಲವೋ ಎಂದಷ್ಟೇ ನೋಡಿ ಬಿಟ್ಟರು. ಚೀಲ ನೋಡಿದ್ದರೆ ಏನಾಗುತ್ತಿತ್ತೋ!

ಮೇಲೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮಾತಾಡಿದರೆ ಬಾಯಿಂದ ಹೊಗೆ ಬರುವಂಥ ಚಳಿ. ಮನೆಯ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಕಪ್ಪು ಕಬ್ಬಿಣದ ಒಲೆ, ಅದರಿಂದ ಮೇಲೆ ಮಾಡಿಗೆ, ಅಂದರೆ ಚಾವಣಿಗೆ ಹೋದ ಕೊಳವೆ, ಕೊಳವೆಗೊಂದು ಪುಟ್ಟ ಹಿಡಿಕೆ. ಹಾಲ್ ದಾಟಿ ಮನೆಯೊಳಗೇ ಉದ್ದದ ಒಂದು ಓಣಿ, ಓಣಿಯಲ್ಲಿ ನಮ್ಮ ಕೋಣೆ, ಅದರ ತುದಿಯಲ್ಲಿ ಅತ್ತೆಯ ಕೋಣೆ. ಮನೆ ನೋಡಿಕೊಳ್ಳುವ ಸಯೀದ್ ಎಂಬ ಒಮಾನಿ ಮುದುಕರು ನಾಲ್ಕೇ ನಾಲ್ಕು ಜಾಲಿ ಕಟ್ಟಿಗೆ ಕೊಟ್ಟು, ಬೆರಳು ಜೋಡಿಸಿ ತೋರಿಸಿ, "ಮದಾಮ್, ಶುವೈ ಶುವೈ" ಎಂದರು. ಸ್ವಲ್ಪ ಸ್ವಲ್ಪ ಹಾಕಿ ಎಂದು ಅರ್ಥ. ಪಾಪ, ಜಿಪುಣ ಇರಬೇಕು ಎಂದುಕೊಂಡು ನಾನು ಥ್ಯಾಂಕ್ಯೂ ಹೇಳಿ ಕಳಿಸಿದೆ.

ಮನೆ ಸಮನಾಗಿ ಕಾದಿದೆಯೋ ಇಲ್ಲವೋ ಎಂದು ಅಳೆಯಬೇಕಲ್ಲ? ನಮ್ಮೂರಿನವರಿಗೆ ಅದಕ್ಕೆ ಯಂತ್ರ ಬೇಡ. ಮೂರು ಬಟ್ಟಲಲ್ಲಿ ತೆಂಗಿನೆಣ್ಣೆ ಹಾಕಿ ಹಾಲ್‌ನಲ್ಲೊಂದು, ಕೋಣೆಗೊಂದು ಇಟ್ಟೆ. ಎಣ್ಣೆ ಗಟ್ಟಿಯಿದ್ದರೆ ಚಳಿ, ಕರಗಿದರೆ ಸುಖ. ಅನನ್ಯಾಳನ್ನು ಎಣ್ಣೆ ಇನ್‌ಸ್ಪೆಕ್ಟರ್ ಹುದ್ದೆಗೆ ನೇಮಿಸಿದೆ.

ಒಲೆಗೆ ಕಟ್ಟಿಗೆ ಇಟ್ಟೆ. ಮೇಲೆ ಎರಡು ಹಿಡಿ ಗೆರಟೆ. ಮನಸ್ಸಿಗೆ ಸಾಲದೆ ಇನ್ನೆರಡು ಹಿಡಿ. ಒಂದೇ ಕಡ್ಡಿ! ಬೆಂಕಿ ಭುಗ್ಗೆಂದಿತು. ಹೆಮ್ಮೆಯಿಂದ ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಗಂಟೆಯಲ್ಲಿ ಇವರ ಕಣ್ಣಲ್ಲೂ ನೀರು ಬಂತು, ಮೂಗಿನ ತುದಿಯಿಂದಲೂ ಇಳಿಯಿತು. ಬೆವರು! ಸ್ವೆಟರ್ ಹೋಯಿತು, ಅಂಗಿ ಹೋಯಿತು, ಬನಿಯನ್ನಿನಲ್ಲಿ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಅನನ್ಯಾ, ವರದಿ!"

"ಹಾಲ್ ಲಿಕ್ವಿಡ್. ನಮ್ಮ ರೂಮ್ ಸಾಲಿಡ್. ಅಜ್ಜಿ ರೂಮ್ ವೆರಿ ಸಾಲಿಡ್, ಮಮ್ಮಿ. ಸ್ಪೂನ್ ನಿಂತಿತು."

ಹಾಲ್‌ನಲ್ಲಿ ಆಗಸ್ಟ್ ತಿಂಗಳ ಮಸ್ಕತ್ತು, ಅತ್ತೆಯ ಕೋಣೆಯಲ್ಲಿ ಫ್ರಿಜ್ಜು! ಓಡಿಹೋಗಿ ಅತ್ತೆಗೆ ಮೂರನೆಯ ಕಂಬಳಿ ಹೊದೆಸಿದೆ. ಕಂಬಳಿಗಳ ನಡುವೆ ಅವರ ಮೂಗು ಮಾತ್ರ ಕಾಣುತ್ತಿತ್ತು. ಅದೂ ಕೆಂಪಾಗಿತ್ತು.

"ಆಗ್ತಾ ಬಂತು ಅತ್ತೆ. ಬಿಸಿ ದಾರಿಯಲ್ಲಿದೆ."

"ನಿಧಾನ ಮಾಡು ಮಗಾ. ನಾನು ಬಾಗಿಲು ಹಾಕಿ ಸ್ವಲ್ಪ ಮಲಗ್ತೇನೆ."

ಸಮಯ ನಾಲ್ಕು ದಾಟಿತ್ತು. ಕಿಟಕಿಯ ಹೊರಗೆ ಸೂರ್ಯ ಆತುರದಲ್ಲಿದ್ದಂತೆ ಕಂಡ. ಆಗ ನನಗೆ ಕಾನ್ವೆಂಟಿನ ಸಿಸ್ಟರ್ ಹೇಳಿದ ವಿಜ್ಞಾನ ಪಾಠ ನೆನಪಾಯಿತು. ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ. ಬಾಣದ ಗುರುತು ಹಾಕಿ ಬರೆದ ಚಿತ್ರಕ್ಕೆ ನನಗೆ 'ಗುಡ್' ಸಿಕ್ಕಿತ್ತು. ಮೇಲೆ ಹೋದರೆ? ಕೊಳವೆಯಲ್ಲಿ! ಅಂದರೆ ನನ್ನ ಅಷ್ಟೂ ಬಿಸಿ ಚಾವಣಿ ದಾಟಿ ಒಮಾನಿನ ಆಕಾಶವನ್ನು ಕಾಯಿಸುತ್ತಿದೆ! ಕೂಡಲೇ ಕೊಳವೆಯ ಹಿಡಿಕೆಯನ್ನು ಅಡ್ಡಕ್ಕೆ ತಿರುಗಿಸಿ ದಾರಿ ಮುಚ್ಚಿದೆ. ಬಚ್ಚಲೊಲೆಗೆ ಬಾಗಿಲೆಲ್ಲಿ ಇರುತ್ತದೆ? ಅದಕ್ಕೆ ಗಾಜಿನ ಬಾಗಿಲನ್ನೂ ಪೂರ್ತಿ ತೆರೆದಿಟ್ಟೆ. ಸ್ಟೋರ್ ರೂಮಿನಲ್ಲಿದ್ದ ಕಾಲುಳ್ಳ ಫ್ಯಾನು ತಂದು ಒಲೆಯ ಹಿಂದೆ ನಿಲ್ಲಿಸಿ, ಅದರ ಮುಖವನ್ನು ಓಣಿಯ ಕಡೆ ತಿರುಗಿಸಿದೆ. ಕೊನೆಗೆ ಚೀಲದಲ್ಲಿ ಉಳಿದ ಗೆರಟೆಯನ್ನೆಲ್ಲ ಒಲೆಗೆ ಸಮರ್ಪಿಸಿದೆ.

"ಶಾಲೂ, ನನಗೆ ಯಾಕೋ ಇದು..." ಎಂದು ಇವರು ಬಾಯಿ ತೆರೆದರು.

"ವಿಜ್ಞಾನಕ್ಕೆ ಅಡ್ಡ ಬರಬೇಡಿ" ಎಂದು ನಾನು ಫ್ಯಾನಿನ ಗುಂಡಿ ಒತ್ತಿದೆ. ಮೂರನೇ ನಂಬರಿಗೆ.

ಇವರ ಬಾಯಿ ಇನ್ನೂ ತೆರೆದೇ ಇತ್ತು. ಬೂದಿ ಮೊದಲು ಅಲ್ಲಿಗೇ ಹೋಯಿತು. ಆಮೇಲೆ ಹೊಗೆ. ಹೊಗೆ ಅಂದರೆ ಎಂಥಾ ಹೊಗೆ! ಸೋಫಾ ಕಾಣೆಯಾಯಿತು, ಗಂಡ ಕಾಣೆಯಾದರು, ಓಣಿಯೇ ಕಾಣೆಯಾಯಿತು. ಕಡೆಗೂ ಆ ಮನೆಯಲ್ಲಿ ಒಂದು ವಸ್ತು ಮೂಲೆಮೂಲೆಗೂ ಒಂದೇ ಸಮನಾಗಿ ಹಂಚಿಕೆಯಾಗಿತ್ತು. ಮಾಡಿನಲ್ಲಿದ್ದ ಅಲಾರಂ ಕಿರುಚಿಕೊಂಡಿತು. "ಮಮ್ಮಿ, ಸ್ಟಾಪ್ ಸೈನ್ಸ್!" ಎಂದು ಎಲ್ಲಿಂದಲೋ ಅನನ್ಯಾ ಕೂಗಿದಳು.

ಬಕೆಟ್ ಹಿಡಿದು ಓಡಿಬಂದ ಸಯೀದ್, "ಹರೀಕ್? ಆಗ್ ಲಗಾ?" ಎಂದು ಅರಬಿಯಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಕೇಳಿದರು. ಬೆಂಕಿ ಬಿದ್ದಿಲ್ಲ, ನಾನೇ ಹಾಕಿದ್ದು ಎಂದು ಯಾವ ಭಾಷೆಯಲ್ಲಿ ಹೇಳಲಿ? ಅವರು ಫ್ಯಾನು ನಿಲ್ಲಿಸಿದರು, ಹಿಡಿಕೆ ತಿರುಗಿಸಿದರು, ಒಲೆಯ ಬಾಗಿಲು ಮುಚ್ಚಿದರು, ಹಾಲ್ ಮತ್ತು ಓಣಿಯ ಎಲ್ಲ ಕಿಟಕಿ ತೆರೆದರು. "ಖಲಾಸ್" ಎಂದರು. ಹೊಗೆ ಹೋಯಿತು. ಹೊಗೆಯ ಜೊತೆ ಅಷ್ಟು ಹೊತ್ತು ನಾನು ಕೂಡಿಸಿದ ಬಿಸಿಯೂ ಹೋಯಿತು. ಹಾಲ್‌ನ ಬಟ್ಟಲಿನ ಎಣ್ಣೆ ನಮ್ಮ ಕಣ್ಣೆದುರೇ ಬೆಳ್ಳಗಾಗತೊಡಗಿತು.

ಇವರು ಬನಿಯನ್ನಿನ ಮೇಲೆ ಸ್ವೆಟರ್ ಏರಿಸಿಕೊಂಡು ಗಾಡಿಯ ಕೀ ಎತ್ತಿದರು. ಬೂದಿಯಲ್ಲಿ ಹುಬ್ಬು ನರೆತು ಮಾವನವರ ಹಾಗೆಯೇ ಕಾಣುತ್ತಿದ್ದರು. "ಇನ್ನು ಅರ್ಧ ಗಂಟೆ ಬೆಳಕಿದೆ. ಅಮ್ಮನನ್ನು ಎಬ್ಬಿಸು. ಹೊರಡುವ."

ಅನನ್ಯಾ ಸ್ವೆಟರಿನ ತೋಳು ಎಳೆದುಕೊಂಡಳು. ನನಗೆ ಅಳುವೇ ಬಂತು. ಅಪರೂಪಕ್ಕೆ ಬಂದ ಅತ್ತೆ, ಕೊಟ್ಟ ಮಾತು, ಹಿಡಿದುಹೋದ ಮೊಣಕಾಲು! ಕ್ಷಮೆ ಕೇಳುವ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಾ ಓಣಿಯ ತುದಿಗೆ ಹೋಗಿ ಬಾಗಿಲು ತಳ್ಳಿದೆ. ಕೆಳಗೆ ಏನೋ ತಡೆಯಿತು. ಇನ್ನೊಮ್ಮೆ ತಳ್ಳಿದೆ.

ಬೆಚ್ಚಗೆ!

ಹಿತವಾದ, ಒಂದೇ ಸಮನಾದ ಬಿಸಿ. ಮೂರು ಕಂಬಳಿಗಳೂ ಮಡಚಿ ಕುರ್ಚಿಯ ಮೇಲಿದ್ದವು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದರು. ಬಟ್ಟಲಿನ ಎಣ್ಣೆ ನೀರಿನಂತೆ ಹೊಳೆಯುತ್ತಿತ್ತು.

"ರೀ! ಬನ್ನಿ ಇಲ್ಲಿ! ಎಣ್ಣೆ ಕರಗಿದೆ! ನನ್ನ ಬಿಸಿ ಎಲ್ಲಾ ಇಲ್ಲಿಗೇ ಬಂದು ಸೇರಿದೆ!" ಎಂದು ಕೂಗಿದೆ. ಇವರು ಬರುವಷ್ಟರಲ್ಲಿ ಬಿಸಿ ಗಾಳಿಯ ಪ್ರಯಾಣದ ಬಗ್ಗೆ, ಫ್ಯಾನಿನ ಮಹತ್ವದ ಬಗ್ಗೆ ಅರ್ಧ ಭಾಷಣ ಮುಗಿಸಿದ್ದೆ. ಅತ್ತೆ ಸಾವಧಾನವಾಗಿ ಕೇಳಿ, ದಿಂಬಿನ ಪಕ್ಕದಿಂದ ಎಸಿಯ ರಿಮೋಟ್ ಎತ್ತಿ ತೋರಿಸಿದರು.

"ಇದರಲ್ಲಿ ಒಂದು ಸೂರ್ಯನ ಚಿತ್ರ ಉಂಟಲ್ಲ, ಅದನ್ನು ಒತ್ತಿದೆ. ಬಿಸಿ ಗಾಳಿ ಬಂತು. ನಿಮ್ಮ ಕೋಣೆಯಲ್ಲೂ ಉಂಟು, ನೋಡಿ ಬಂದೆ."

ನಾವಿಬ್ಬರೂ ಗೋಡೆ ನೋಡಿದೆವು. ಎಸಿ ಅಲ್ಲೇ ಇತ್ತು. ಹದಿನಾಲ್ಕು ವರ್ಷ ಹಗಲೂ ರಾತ್ರಿ ಎಸಿಯ ಕೆಳಗೇ ಬದುಕಿದವರು ನಾವು. ಅದು ತಂಪು ಬಿಟ್ಟು ಬೇರೇನನ್ನಾದರೂ ಕೊಟ್ಟೀತೆಂಬ ಸಂಶಯ ನಮಗೆ ಒಂದು ದಿನವೂ ಬಂದಿರಲಿಲ್ಲ. ಇವರು ಕೀಯನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡರು.

"ಹಾಗಾದರೆ ಇಳಿಯುವುದು ಬೇಡವಾ ಅಮ್ಮ?"

"ಯಾಕೆ ಇಳಿಯುವುದು? ಕಾಲು ಎಷ್ಟು ಸಡಿಲ ಆಗಿದೆ ನೋಡು." ಅತ್ತೆ ಮೊಣಕಾಲು ಮಡಚಿ, ಬಿಡಿಸಿ ತೋರಿಸಿದರು. ಆಮೇಲೆ ನನ್ನ ಮಸಿ ಮುಖವನ್ನು ಕರುಣೆಯಿಂದ ನೋಡಿದರು. "ನೀನು ಆಗಿನಿಂದ ಹೊಗೆ ಹಾಕ್ತಾ ಇದ್ದೀ. ಇಲ್ಲಿ ಸೊಳ್ಳೆ ಜೋರಿರಬೇಕು ಅಂತ ಎಣಿಸಿ ನಾನು ಬಾಗಿಲ ಕೆಳಗೆ ಮೈ ಒರೆಸುವ ಬೈರಾಸು ಇಟ್ಟು ಕೂತೆ. ಒಳ್ಳೆ ಕೆಲಸ ಮಾಡಿದೆ ಮಗಾ, ಈಗ ಒಂದೂ ಇಲ್ಲ."

ಅತ್ತೆ ಊರಿಗೆ ಮರಳಿದ ಮೇಲೆ, ಸೊಸೆ ಬೆಟ್ಟದ ಮೇಲೆ ಸೊಳ್ಳೆ ಓಡಿಸಿದ ಕಥೆಯನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರಂತೆ. ಅಷ್ಟು ಎತ್ತರದ ಆ ಚಳಿಯಲ್ಲಿ ಸೊಳ್ಳೆ ಇರುವುದೇ ಇಲ್ಲ ಎಂದು ಸಯೀದ್ ಮರುದಿನವೇ ಹೇಳಿದ್ದರು. ಅದನ್ನು ನಾನು ಅತ್ತೆಗೆ ಇನ್ನೂ ತಿಳಿಸಿಲ್ಲ. ಸಿಕ್ಕಿದ ಹೆಸರು ಅದೊಂದೇ!